ಕೀಮೋ ಮುಗಿಯಿತು, ಮರೆವು ಯಾಕೆ ಮುಗಿದಿಲ್ಲ?

ಇವತ್ತು ರಾಜಕೀಯ ಬೇಡ. ಒಂದು ಮನೆಯ ವಿಷಯ ಮಾತಾಡೋಣ. ಬೇರೆಯವರದ್ದಲ್ಲ, ನನ್ನದೇ ಮನೆ.

ನನ್ನ ಅಕ್ಕ ದಾವಣಗೆರೆಯ ಒಂದು ಸೊಸೈಟಿಯಲ್ಲಿ ಲೆಕ್ಕ ನೋಡ್ತಾಳೆ. ಇಪ್ಪತ್ತು ವರ್ಷದ ಸರ್ವೀಸು. ಯಾರ ಸಾಲ ಎಷ್ಟು, ಯಾರ ಕಂತು ಯಾವ ತಿಂಗಳಿಂದ ಬಾಕಿ, ಎಲ್ಲ ಬಾಯಲ್ಲೇ ಹೇಳುವವಳು. ಅವಳಿಗೆ ಸ್ತನ ಕ್ಯಾನ್ಸರ್ ಬಂತು. ಆಪರೇಷನ್ ಆಯ್ತು, ಕೀಮೋ ಆಯ್ತು, ಉದುರಿದ ಕೂದಲು ಮತ್ತೆ ಬಂತು. ರಿಪೋರ್ಟು ಚೆನ್ನಾಗಿದೆ ಅಂದರು. ಮನೆಮಂದಿಯೆಲ್ಲ ದೇವರಿಗೆ ಕೈ ಮುಗಿದೆವು.

ಕೆಲಸಕ್ಕೆ ಹೋದ ಹದಿನೈದೇ ದಿನಕ್ಕೆ ಫೋನ್ ಮಾಡಿದಳು. "ಲೋ, ಒಂದೇ ಲೆಕ್ಕಾನ ಮೂರು ಸಲ ಕೂಡಿದೆ, ಮೂರು ಸಲವೂ ಬೇರೆ ಬೇರೆ ಬಂತು ಕಣೋ. ಎದುರಿಗೆ ನಿಂತವರ ಹೆಸರು ಬಾಯಿಗೆ ಬರ್ತಿಲ್ಲ." ನಾನೇನಂದೆ ಗೊತ್ತಾ? "ವಯಸ್ಸಾಯ್ತು ಬಿಡಕ್ಕ, ನನಗೂ ಮರೆವೇ." ಅಂದು ನಕ್ಕೆ. ಅವಳು ನಗಲಿಲ್ಲ. ವಾರದ ಮೇಲೆ ಭಾವ ಹೇಳಿದರು: ರಾಜೀನಾಮೆ ಬರೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ, ನನಗೆ ತಲೆ ಕೆಟ್ಟಿದೆ ಅಂತ ಅಳ್ತಾಳೆ.

ವೀಕ್ಷಕರೇ, ಅವಳಿಗೆ ತಲೆ ಕೆಟ್ಟಿರಲಿಲ್ಲ. ಅವಳಿಗಾದದ್ದಕ್ಕೆ ಒಂದು ಹೆಸರಿದೆ: 'ಕೀಮೋ ಬ್ರೇನ್'. ಮಾತಿನ ಮಧ್ಯೆ ಪದ ಸಿಗಲ್ಲ. ಒಟ್ಟಿಗೆ ಎರಡು ಕೆಲಸ ಆಗಲ್ಲ. ಓದಿದ ಪುಟವನ್ನೇ ಮತ್ತೆ ಓದಬೇಕು. ತಲೆಯೊಳಗೆ ಮಂಜು ಕವಿದ ಹಾಗೆ. ಇದು ಬುದ್ಧಿ ಹೋಗೋದಲ್ಲ, ಬುದ್ಧಿಯ ವೇಗ ಕಡಿಮೆಯಾಗೋದು.

ಒಂದು ಕಾಲಕ್ಕೆ ಇದನ್ನ ಬರೀ ಚಿಂತೆ, ಆಯಾಸ ಅಂತ ತಳ್ಳಿಹಾಕುತ್ತಿದ್ದರು. 1998ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಹಿಳೆಯರನ್ನು ಪರೀಕ್ಷೆ ಮಾಡಿದರು. ಹೆಚ್ಚು ಪ್ರಮಾಣದ ಕೀಮೋ ಪಡೆದವರಲ್ಲಿ ಶೇಕಡ 32, ಸಾಮಾನ್ಯ ಪ್ರಮಾಣ ಪಡೆದವರಲ್ಲಿ ಶೇಕಡ 17, ಕೀಮೋ ಪಡೆಯದವರಲ್ಲಿ ಶೇಕಡ 9 ಮಂದಿಗೆ ತೊಂದರೆ ಕಂಡಿತು. 2017ರಲ್ಲಿ ಅಮೆರಿಕದಿಂದ ಇನ್ನೊಂದು ಅಧ್ಯಯನ ಬಂತು. ಸ್ತನ ಕ್ಯಾನ್ಸರ್ ಇದ್ದ 581 ಮಹಿಳೆಯರು, ಕ್ಯಾನ್ಸರ್ ಇಲ್ಲದ 364 ಮಹಿಳೆಯರು. ಕೀಮೋ ಮುಗಿಯುವ ಹೊತ್ತಿಗೆ, ತಮ್ಮ ನೆನಪು ಮತ್ತು ಏಕಾಗ್ರತೆ ಕುಗ್ಗಿದೆ ಅಂದವರು ಮೊದಲ ಗುಂಪಿನಲ್ಲಿ ಶೇಕಡ 45, ಎರಡನೆಯದರಲ್ಲಿ ಬರೀ 10. ಅಂದರೆ ನನ್ನ ಅಕ್ಕ ಒಬ್ಬಳೇ ಅಲ್ಲ.

ಯಾಕೆ ಹೀಗಾಗುತ್ತೆ? ಕಾರಣ ಒಂದಲ್ಲ. ಕ್ಯಾನ್ಸರೂ ಅದರ ಔಷಧವೂ ದೇಹದಲ್ಲಿ ಉರಿಯೂತ ಎಬ್ಬಿಸುತ್ತವೆ, ಅದರ ಬಿಸಿ ಮೆದುಳಿಗೂ ತಟ್ಟುತ್ತೆ. ನೆನಪಿಗೆ ಬೇಕಾದ ಭಾಗ ಹಿಪ್ಪೊಕ್ಯಾಂಪಸ್. ಕೆಲವು ಕೀಮೋ ಔಷಧಗಳು ಅಲ್ಲಿ ಹೊಸ ನರಕೋಶ ಹುಟ್ಟುವುದನ್ನ ತಗ್ಗಿಸುತ್ತವೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಂತ ಕೀಮೋ ಒಂದನ್ನೇ ದೂರಬೇಡಿ. ಕೀಮೋ ಶುರುವಾಗುವ ಮೊದಲೇ ಕೆಲವರಿಗೆ ಈ ತೊಂದರೆ ಇರುತ್ತೆ. ಹಾರ್ಮೋನ್ ಮಾತ್ರೆ, ರಕ್ತಹೀನತೆ, ನಿದ್ದೆಗೇಡು, ನೋವಿನ ಮಾತ್ರೆ, ಸಾವಿನ ಭಯ, ಎಲ್ಲವೂ ಸೇರುತ್ತವೆ.

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಇದನ್ನ ಕೇಳಿ ಯಾರೂ ಕೀಮೋ ಬಿಡಬೇಡಿ. ಜೀವ ಉಳಿಸೋದು ಆ ಚಿಕಿತ್ಸೆಯೇ. ಬಹಳ ಜನರಿಗೆ ಈ ಮಂಜು ತಿಂಗಳುಗಳಲ್ಲಿ ತಿಳಿಯಾಗುತ್ತೆ, ಕೆಲವರಿಗೆ ವರ್ಷಗಳು ಬೇಕು.

ಹಾಗಾದರೆ ಮಾಡೋದೇನು? ಮೊದಲು ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಇವು ಸರಿಪಡಿಸಬಹುದಾದ ಕಾರಣಗಳು. ಡಾಕ್ಟರು ಒಪ್ಪಿದರೆ ದಿನಾ ನಡೆಯಿರಿ. ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದು ಸಲಕ್ಕೆ ಒಂದೇ ಕೆಲಸ. ಮಾತ್ರೆಯ ಹೊತ್ತು, ಕೊಡಬೇಕಾದ ದುಡ್ಡು, ಎಲ್ಲ ಬರೆದಿಡಿ. ಆದರೆ ಇದ್ದಕ್ಕಿದ್ದಂತೆ ಗಲಿಬಿಲಿ, ಫಿಟ್ಸ್, ಜ್ವರದ ಜೊತೆ ಬಡಬಡಿಕೆ, ತೀವ್ರ ತಲೆನೋವು ಬಂದರೆ ಅದು ಕೀಮೋ ಬ್ರೇನ್ ಅಂತ ಸುಮ್ಮನಿರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಅರ್ಧ ಔಷಧ ಮನೆಯವರ ಬಾಯಲ್ಲಿದೆ. "ನಿನ್ನೆ ತಾನೇ ಹೇಳಿದ್ದೆನಲ್ಲ" ಅನ್ನೋ ಒಂದು ಮಾತು ಸಾಕು, ಅವರು ಬಾಯಿ ಮುಚ್ಚಿಕೊಳ್ಳೋಕೆ. ಇನ್ನೊಂದು ಸಲ ಹೇಳಿ, ನಿಮ್ಮ ಗಂಟೇನೂ ಹೋಗಲ್ಲ.

ನಾನು ಮುಂದಿನ ಭಾನುವಾರವೇ ಬಸ್ಸು ಹತ್ತಿದೆ. ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಹುಚ್ಚಲ್ವಾ?" ಅಂತ ಎರಡು ಸಲ ಕೇಳಿದಳು. ರಾಜೀನಾಮೆ ಕೊಡಲಿಲ್ಲ. ಈಗಲೂ ಮೊದಲಿನ ಹಾಗೆ ಬಾಯಲ್ಲಿ ಹೇಳಲ್ಲ, ಪುಸ್ತಕ ನೋಡಿ ಹೇಳ್ತಾಳೆ. ಅದಕ್ಕೆ ನಾಚಿಕೆ ಅಂದಾಗ ನಾನಂದೆ: "ಅಕ್ಕ, ನಿನ್ನ ತಮ್ಮ ದಿನಾ ರಾತ್ರಿ ಪ್ರಾಂಪ್ಟರ್ ನೋಡಿಯೇ ಸುದ್ದಿ ಓದೋದು."

ಆಗ ನಕ್ಕಳು. ನಿಮ್ಮ ಮನೆಯಲ್ಲೂ ಯಾರಾದರೂ ಚಿಕಿತ್ಸೆ ಮುಗಿಸಿ ಬಂದು "ನೆನಪೇ ಆಗ್ತಿಲ್ಲ" ಅಂದರೆ, ನನ್ನ ಹಾಗೆ ನಗಬೇಡಿ. ನಂಬಿ.