ತುಂಗಭದ್ರೆಯ ಪಾಚಿ ಮತ್ತು ನೀರಿನ ರಸಾಯನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿನಲ್ಲಿ, ಮಟಮಾರಿಯ ದಕ್ಷಿಣಕ್ಕೆ ಹರಿಯುವ ತುಂಗಭದ್ರೆಯು ಮಳೆಗಾಲದಲ್ಲಿ ಮಣ್ಣಿನ ರಾಡಿಯನ್ನು ಹೊತ್ತು ಬರುವುದರಿಂದ ಬೆಳಕು ಆಳಕ್ಕೆ ಇಳಿಯದೆ ಪಾಚಿಗೆ ಅಲ್ಲಿ ಹೆಚ್ಚು ಅವಕಾಶವಿರುವುದಿಲ್ಲ. ಹರಿವು ತಗ್ಗಿ, ರಾಡಿ ತಳಕ್ಕಿಳಿದು, ಬಂಡೆಗಳ ಸಂದಿನಲ್ಲಿ ಮಡುಗಳು ಉಳಿಯುವ ಬೇಸಿಗೆಯಲ್ಲಿ ಅದೇ ನೀರು ಹಸಿರಾಗತೊಡಗುತ್ತದೆ. ಜನರು ಪಾಚಿ ಎಂದು ಕರೆಯುವುದು ಒಂದೇ ಜೀವಿಯಲ್ಲ. ಸಿಲಿಕಾದ ಕವಚದೊಳಗೆ ಬದುಕುವ ಡಯಾಟಮ್‌ಗಳು, ಕೂದಲೆಳೆಯಂತೆ ಬೆಳೆಯುವ ಹಸಿರು ಶೈವಲಗಳು, ವಾಸ್ತವವಾಗಿ ಬ್ಯಾಕ್ಟೀರಿಯಾಗಳೇ ಆಗಿರುವ ನೀಲಿಹಸಿರು ಪಾಚಿಗಳು ಎಲ್ಲವೂ ಆ ಹೆಸರಿನಲ್ಲಿ ಸೇರಿವೆ.

ಇವುಗಳಿಗೆ ಬೇಕಾದ ಇಂಗಾಲ ಗಾಳಿಯಿಂದಲೂ ನೀರಿನಿಂದಲೂ ದೊರೆಯುತ್ತದೆ. ಸಾರಜನಕವನ್ನು ಅನಬೀನದಂತಹ ಕೆಲವು ನೀಲಿಹಸಿರು ಪಾಚಿಗಳು ಗಾಳಿಯಿಂದಲೇ ಹಿಡಿದುಕೊಳ್ಳಬಲ್ಲವು. ಆದರೆ ರಂಜಕಕ್ಕೆ ಅಂತಹ ದಾರಿಯಿಲ್ಲ. 1973ರಲ್ಲಿ ಕೆನಡಾದ ವಿಜ್ಞಾನಿಗಳು ಒಂದು ಸರೋವರವನ್ನು ಪರದೆಯಿಂದ ಇಬ್ಭಾಗಿಸಿ, ಎರಡೂ ಭಾಗಗಳಿಗೆ ಇಂಗಾಲ ಮತ್ತು ಸಾರಜನಕವನ್ನು ಬೆರೆಸಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದಾಗ, ಆ ಒಂದು ಭಾಗವಷ್ಟೇ ದಟ್ಟ ಹಸಿರಾಯಿತು. ತುಂಗಭದ್ರೆಗೆ ಈ ರಂಜಕವು ಮೇಲಿನ ಪಟ್ಟಣಗಳ ಚರಂಡಿ ನೀರಿನಲ್ಲಿಯೂ, ಸಾಬೂನು ಪುಡಿಯಲ್ಲಿಯೂ, ಎಡದಂಡೆ ಕಾಲುವೆಯ ಕೆಳಗಿನ ಸಿಂಧನೂರು, ಮಾನ್ವಿ ಸೀಮೆಯ ಭತ್ತದ ಗದ್ದೆಗಳಿಗೆ ಸುರಿದ ಡಿಎಪಿ ಗೊಬ್ಬರದ ಶೇಷವು ಹಳ್ಳಗಳಿಗೆ ಬಸಿಯುವುದರಿಂದಲೂ ಬರುತ್ತದೆ.

ಪಾಚಿಯು ನೀರಿನ ರಸಾಯನಕ್ಕೆ ಮಣಿಯುವುದಷ್ಟೇ ಅಲ್ಲದೆ ಅದನ್ನು ತಾನೇ ಬದಲಿಸುತ್ತದೆ ಎಂಬ ಅಂಶಕ್ಕೆ ಸಲ್ಲಬೇಕಾದ ಗಮನ ಸಿಕ್ಕಿಲ್ಲ. ಬಿಸಿಲಿನಲ್ಲಿ ಅದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ನೀರಿನ ಆಮ್ಲೀಯತೆ ಕುಗ್ಗಿ, ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ ಮಧ್ಯಾಹ್ನದ ಹೊತ್ತಿಗೆ 9ನ್ನು ಮೀರಬಹುದು. ಆಗ ಚರಂಡಿಯಿಂದ ಬಂದ ಅಮೋನಿಯಂ ಮೀನಿಗೆ ವಿಷವಾದ ಅಮೋನಿಯಾ ಆಗಿ ಮಾರ್ಪಡುತ್ತದೆ. ಅದೇ ವೇಳೆಗೆ ಕರಗಿದ ಆಮ್ಲಜನಕವು ಏರಿರುತ್ತದೆಯಾದರೂ, ಸೂರ್ಯ ಮುಳುಗಿದ ಮೇಲೆ ಪಾಚಿಯೂ ಕೊಳೆತವನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತ ಅದನ್ನು ಮುಗಿಸುವುದರಿಂದ, ನಸುಕಿನ ವೇಳೆಗೆ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ, ಕೆಲವೊಮ್ಮೆ ಸಾಯುತ್ತವೆ. ಆದ್ದರಿಂದ ಮಧ್ಯಾಹ್ನ ತುಂಬಿಸಿಕೊಂಡ ಒಂದು ಬಾಟಲಿ ನೀರಿನ ಪರೀಕ್ಷೆಯು ಕಾಯಿಲೆಬಿದ್ದ ಮಡುವನ್ನೂ ಆರೋಗ್ಯವಂತವೆಂದು ತೋರಿಸಬಲ್ಲದು. ಸೂರ್ಯೋದಯಕ್ಕೆ ಮುಂಚಿನ ಮಾದರಿಯಿಲ್ಲದ ವರದಿಯನ್ನು ಪೂರ್ಣವೆಂದು ಒಪ್ಪಲಾಗದು.

ಬಾಟಲಿಯು ಒಂದು ಕ್ಷಣದ ನೀರನ್ನು ಮಾತ್ರ ಹಿಡಿಯುತ್ತದೆ, ಆದರೆ ಕಲ್ಲಿಗಂಟಿದ ಪಾಚಿಯ ಸಮುದಾಯ ಕಳೆದ ಹಲವು ವಾರಗಳ ನೀರನ್ನು ಉಂಡು ರೂಪುಗೊಂಡಿರುತ್ತದೆ. ಈ ತತ್ತ್ವವನ್ನು ಆಧರಿಸಿ ಅಮೆರಿಕದ ಪಾಮರ್ 1969ರಲ್ಲಿ ಸಾವಯವ ಮಾಲಿನ್ಯವನ್ನು ತಾಳಿಕೊಳ್ಳುವ ಪಾಚಿಗಳ 20 ಕುಲಗಳಿಗೆ ಅಂಕ ನೀಡಿದನು: ಯೂಗ್ಲಿನಾ ಮತ್ತು ಆಸಿಲ್ಲಟೋರಿಯಾಗಳಿಗೆ ತಲಾ 5, ಡಯಾಟಮ್‌ಗಳಾದ ನಿಟ್‌ಷಿಯಾ ಮತ್ತು ನವಿಕ್ಯುಲಾಗಳಿಗೆ ತಲಾ 3. ಮಾದರಿಯಲ್ಲಿ ಕಂಡ ಕುಲಗಳ ಅಂಕಗಳ ಮೊತ್ತ 20 ಅಥವಾ ಅದಕ್ಕಿಂತ ಹೆಚ್ಚಾದರೆ ಮಾಲಿನ್ಯ ಅಧಿಕವೆಂದು ತಿಳಿಯಬಹುದು. ಒಂದು ಸೂಕ್ಷ್ಮದರ್ಶಕವೂ ಕಲಿತ ಕಣ್ಣೂ ಇದ್ದರೆ ಸಾಕಾಗುವ ಈ ವಿಧಾನವು ನದಿತೀರದ ಕಾಲೇಜುಗಳಿಗೆ ಎಟುಕುವಂಥದ್ದು.

ನಿಂತ ನೀರಿನ ಮೇಲೆ ಕೆನೆಗಟ್ಟುವ ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಯ ವಿಷಯ ಬೇರೆ. ಅದರ ಕೆಲವು ತಳಿಗಳು ತಯಾರಿಸುವ, ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ವಿಷವು ಕುದಿಸಿದರೂ ನಾಶವಾಗುವುದಿಲ್ಲ. ಪಾಚಿ ತುಂಬಿದ ನೀರಿಗೆ ಮೊದಲೇ ಕ್ಲೋರಿನ್ ಹಾಕಿದರೆ ಜೀವಕೋಶಗಳು ಒಡೆದು ಒಳಗಿನ ವಿಷ ನೀರಿಗೆ ಬಿಡುಗಡೆಯಾಗುತ್ತದೆ. ನದಿಯಿಂದ ಕುಡಿಯುವ ನೀರು ಪಡೆಯುವ ಊರುಗಳ ಶುದ್ಧೀಕರಣ ಘಟಕಗಳಲ್ಲಿ ಜೀವಕೋಶಗಳನ್ನು ಒಡೆಯಗೊಡದೆ, ಪಟಿಕದಿಂದ ತಳಕ್ಕಿಳಿಸಿ ಮರಳಿನಲ್ಲಿ ಸೋಸಿದ ನಂತರವೇ ಕ್ಲೋರಿನ್ ಬೆರೆಸಬೇಕಾಗುತ್ತದೆ.