ಮಂಚ ಕೊಳ್ಳುವ ಮುನ್ನ ಮೊಣಕಾಲು ಅಳೆಯಿರಿ

ಗೃಹಪ್ರವೇಶವಿರಲಿ, ಮಗಳ ಮದುವೆಯಿರಲಿ, ಮನೆಗೆ ಕೊಳ್ಳುವ ಸಾಮಾನುಗಳಲ್ಲಿ ಮಂಚಕ್ಕೆ ಮೊದಲ ಸ್ಥಾನ. ಹಿಂದೆ ಬಡಗಿಯನ್ನು ಮನೆಗೇ ಕರೆಸಿ ತೇಗದಲ್ಲೋ ಹಲಸಿನಲ್ಲೋ ಮಾಡಿಸುತ್ತಿದ್ದರು. ಈಗ ಅಂಗಡಿಯಲ್ಲಿ ನೋಡಿ ಒಪ್ಪಿದರೆ ಸಾಕು, ಮಂಚವು ಬಿಡಿಭಾಗಗಳಾಗಿ ರಟ್ಟಿನ ಪೆಟ್ಟಿಗೆಗಳಲ್ಲಿ ಮನೆಗೆ ಬರುತ್ತದೆ. ಬೋಲ್ಟುಗಳನ್ನು ಬಿಗಿದರೆ ಸಿದ್ಧ. ಆಗಾಗ ಬಾಡಿಗೆ ಮನೆ ಬದಲಿಸುವವರಿಗೂ ಕಿರಿದಾದ ಮೆಟ್ಟಿಲಿರುವವರಿಗೂ ಇದರಿಂದ ಅನುಕೂಲವೇ. ಆದರೆ ಕೊಳ್ಳುವಾಗ ನಮ್ಮ ಗಮನವೆಲ್ಲ ಬಣ್ಣ, ವಿನ್ಯಾಸ ಮತ್ತು ಬೆಲೆಯ ಮೇಲೆ. ಅದರ ಮೇಲೆ ಮಲಗಿ ಏಳುವವರ ಸೊಂಟ, ಮೊಣಕಾಲುಗಳ ಯೋಚನೆ ಬರುವುದು ನೋವು ಕಾಣಿಸಿಕೊಂಡ ಮೇಲೆ.

ಎತ್ತರ ಎಷ್ಟಿರಬೇಕು?

ಮಂಚದ ಎತ್ತರವೆಂದರೆ ಮಂಚ ಮತ್ತು ಹಾಸಿಗೆ ಎರಡೂ ಸೇರಿದ ಎತ್ತರ. ಅನೇಕರು ಎಡವುವುದು ಇಲ್ಲಿಯೇ. ಹಿಂದಿನ ಹತ್ತಿಯ ಹಾಸಿಗೆ ಮೂರು ನಾಲ್ಕು ಅಂಗುಲ ದಪ್ಪವಿರುತ್ತಿತ್ತು. ಈಗಿನ ಸ್ಪ್ರಿಂಗ್ ಅಥವಾ ಫೋಮ್ ಹಾಸಿಗೆಗಳಲ್ಲಿ ಎಂಟು ಹತ್ತು ಅಂಗುಲದವೂ ಸಾಮಾನ್ಯ. 14 ಅಂಗುಲದ ಮಂಚದ ಮೇಲೆ 10 ಅಂಗುಲದ ಹಾಸಿಗೆ ಹಾಕಿದರೆ ಒಟ್ಟು ಎರಡು ಅಡಿಯಾಯಿತು. ಐದಡಿ ಎತ್ತರದ ತಾಯಿಯೋ ಅತ್ತೆಯೋ ಅದರ ಅಂಚಿನಲ್ಲಿ ಕುಳಿತರೆ ಪಾದ ನೆಲಕ್ಕೆ ತಾಕುವುದಿಲ್ಲ. ರಾತ್ರಿ ಮೂತ್ರಕ್ಕೆಂದು ನಿದ್ದೆಗಣ್ಣಿನಲ್ಲಿ ಏಳುವಾಗ ಜಾರಿ ಬೀಳುವ ಭಯ ಇದ್ದೇ ಇದೆ.

ವಯಸ್ಸಾದವರ ಮೂಳೆಗಳು, ಅದರಲ್ಲೂ ಮುಟ್ಟು ನಿಂತ ಮಹಿಳೆಯರ ಮೂಳೆಗಳು ಸವೆದು ದುರ್ಬಲವಾಗಿರುತ್ತವೆ. ಸಣ್ಣ ಬೀಳುವಿಕೆಯಿಂದಲೂ ಸೊಂಟದ ಬಳಿ ತೊಡೆಮೂಳೆ ಮುರಿಯಬಹುದು. ಆಮೇಲೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬಹಳ ದಿನ ಮಲಗಿಯೇ ಇದ್ದರೆ ನ್ಯುಮೋನಿಯಾ, ಬೆನ್ನಹುಣ್ಣು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಮುಂತಾದ ತೊಂದರೆಗಳು ಬೆನ್ನು ಹತ್ತುತ್ತವೆ. ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ನೆಲಕ್ಕೆ ಅಂಟಿದಂತಿರುವ ತಗ್ಗು ಮಂಚಗಳೂ ಈಗ ಚಾಲ್ತಿಯಲ್ಲಿವೆ. ಯುವಕರಿಗೆ ಅಡ್ಡಿಯಿಲ್ಲ. ಆದರೆ ಮೊಣಕಾಲಿನ ಕೀಲು ಸವೆದವರಿಗೆ ಅದರಿಂದ ಮೇಲೇಳುವುದೇ ದಿನಕ್ಕೆ ನಾಲ್ಕು ಬಾರಿಯ ಶಿಕ್ಷೆ.

ಸರಿಯಾದ ಎತ್ತರವನ್ನು ತಿಳಿಯುವುದು ಸುಲಭ. ಮಂಚದ ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರಬೇಕು, ತೊಡೆ ನೆಲಕ್ಕೆ ಸಮನಾಗಿರಬೇಕು. ಹೆಚ್ಚಿನವರಿಗೆ ಹಾಸಿಗೆ ಸೇರಿ 18ರಿಂದ 20 ಅಂಗುಲ ಒಗ್ಗುತ್ತದೆ. ಕುಳ್ಳಗಿರುವವರಿಗೆ 16ರಿಂದ 18 ಅಂಗುಲ ಸಾಕು. ಮೊಣಕಾಲು ನೋವಿರುವವರಿಗೆ ಅವರ ಅಳತೆಗಿಂತ ಒಂದೆರಡು ಅಂಗುಲ ಹೆಚ್ಚಿದ್ದರೆ ಏಳುವುದು ಹಗುರ.

ಗಟ್ಟಿ ಹಲಗೆಯೇ ಬೇಕೆ?

ಬೆನ್ನುನೋವಿಗೆ ಬರೀ ಹಲಗೆಯ ಮೇಲೆ ಮಲಗಬೇಕೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸ್ಪೇನಿನಲ್ಲಿ ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ನೋಡಿದಾಗ, ತೀರ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿತನದ ಹಾಸಿಗೆಯವರಿಗೆ ಹೆಚ್ಚು ಆರಾಮ ಸಿಕ್ಕಿತ್ತು. ಆದ್ದರಿಂದ ಹಾಸಿಗೆ ಸ್ವಲ್ಪ ಮೆತ್ತಗಿರಲಿ, ಅದನ್ನು ಹೊರುವ ಮಂಚ ಮಾತ್ರ ಬಾಗದಿರಲಿ. ಹುರಿ ಸಡಿಲಗೊಂಡು ಜೋಲುವ ಹೊರಸಿನಂತೆ ನಡುವೆ ತಗ್ಗಾಗುವ ಮಂಚ ಸೊಂಟಕ್ಕೆ ಒಳ್ಳೆಯದಲ್ಲ.

ಜೋಡಿಸುವ ಮಂಚಗಳಲ್ಲಿ ಹಾಸಿಗೆಯ ಕೆಳಗೆ ಸಾಮಾನ್ಯವಾಗಿ ಅಡ್ಡಪಟ್ಟಿಗಳಿರುತ್ತವೆ. ಪಟ್ಟಿಗಳ ನಡುವಿನ ಅಂತರ ಮೂರು ಅಂಗುಲ ಮೀರದಿದ್ದರೆ ಹಾಸಿಗೆ ಒಳಗೆ ಕುಸಿಯುವುದಿಲ್ಲ, ಗಾಳಿಯೂ ಆಡುತ್ತದೆ. ಇಬ್ಬರು ಮಲಗುವ ಮಂಚವಾದರೆ ನಟ್ಟನಡುವೆ ಉದ್ದಕ್ಕೆ ಒಂದು ತೊಲೆ, ಅದಕ್ಕೆ ನೆಲ ಮುಟ್ಟುವ ಕಾಲು ಇರಲೇಬೇಕು.

ಮರ, ಪೆಟ್ಟಿಗೆ ಮತ್ತು ತಿಗಣೆ

ಕಡಿಮೆ ಬೆಲೆಯ ಮಂಚಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್ ಇಲ್ಲವೆ ಎಂಡಿಎಫ್‌ನವು. ಮರದ ಪುಡಿಯನ್ನು ಅಥವಾ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳಿವು. ಈ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಬರಬಹುದು. ಅದರಿಂದ ಕಣ್ಣುರಿ, ಗಂಟಲು ಕೆರೆತ ಬರಬಹುದು, ಆಸ್ತಮಾ ಇದ್ದವರಿಗೆ ಉಬ್ಬಸ ಹೆಚ್ಚಬಹುದು. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿಗೆ ಸೇರಿಸಿತು. ಹೆದರಬೇಕಾಗಿಲ್ಲ. ಈ ಅನಿಲ ಕಡಿಮೆ ಇರುವ ‘ಇ-1’ ಅಥವಾ ‘ಇ-0’ ದರ್ಜೆಯ ಹಲಗೆ ಕೇಳಿ. ಹೊಸ ಮಂಚದ ವಾಸನೆ ಹೋಗುವವರೆಗೆ ಕಿಟಕಿ ತೆರೆದಿಡಿ, ಆ ಕೋಣೆಯಲ್ಲಿ ಕೂಸನ್ನು ಮಲಗಿಸಬೇಡಿ.

ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚ ಚಿಕ್ಕ ಮನೆಗೆ ಉಪಕಾರಿ. ಮಲೆನಾಡು, ಕರಾವಳಿಯವರು ಮಾತ್ರ ಅದರೊಳಗೆ ತೇವ ಹಿಡಿದು ಬೂಷ್ಟು ಬೆಳೆಯದಂತೆ ನೋಡಿಕೊಳ್ಳಬೇಕು. ಗ್ಯಾಸಿನ ಪಿಸ್ಟನ್ನಿನ ಬಲದಿಂದ ಹಾಸಿಗೆಸಮೇತ ಮೇಲೇಳುವ ಮಂಚಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2024ರಲ್ಲಿ ಇಂಗ್ಲೆಂಡಿನಲ್ಲಿ ಪಿಸ್ಟನ್ ಕೆಟ್ಟು ಮೇಲ್ಭಾಗ ಕುಸಿದು ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಎತ್ತಿದ ಹಲಗೆಯ ಕೆಳಗೆ ತಲೆ ಚಾಚಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಎತ್ತಿದ ಹಲಗೆ ತಾನಾಗಿ ಇಳಿಯುತ್ತಿದ್ದರೆ ಪಿಸ್ಟನ್ ಬದಲಿಸುವವರೆಗೆ ಅದನ್ನು ತೆರೆಯಲೇಬೇಡಿ.

ತಿಗಣೆ ಅಡಗುವುದು ಮಂಚದ ಸಂದುಗಳಲ್ಲಿ, ಬೋಲ್ಟಿನ ತೂತುಗಳಲ್ಲಿ. ಅದು ರೋಗ ಹರಡುವುದಿಲ್ಲವಾದರೂ ತುರಿಕೆಯಿಂದ ನಿದ್ದೆ ಕೆಡಿಸುತ್ತದೆ. ಬಿಚ್ಚಬಲ್ಲ ಮಂಚದ ಲಾಭ ಇಲ್ಲಿದೆ: ಭಾಗಗಳನ್ನು ಕಳಚಿ ಸಂದುಗೊಂದಿನಲ್ಲೆಲ್ಲ ಚೆನ್ನಾಗಿ ಸ್ವಚ್ಛ ಮಾಡಬಹುದು. ಸೊಳ್ಳೆಪರದೆ ಕಟ್ಟಲು ಅನುಕೂಲವಿದೆಯೇ ಎಂಬುದನ್ನೂ ನೋಡಿ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ, ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು.

ಮಕ್ಕಳಿರುವ ಮನೆಯಲ್ಲಿ

ಹಾಸಿಗೆಗೂ ಮಂಚದ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಬಿಡಬಾರದು. ಹೊರಳುವ ಕೂಸಿನ ಮುಖ ಅಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟಬಹುದು. ಒಂದರ ಮೇಲೊಂದಿರುವ ಮಂಚಗಳಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ಮೇಲೆ ಮಲಗಿಸಬಾರದು. ಮಂಚದ ಮೂಲೆಗಳು ಚೂಪಾಗಿರದೆ ದುಂಡಗಿರಲಿ.

ಜೋಡಿಸುವಾಗ

ಮಲಗುವ ಕೋಣೆಯಲ್ಲೇ ಜೋಡಿಸಿ, ಜೊತೆಗೆ ಇನ್ನೊಬ್ಬರಿರಲಿ. ಭಾರದ ಭಾಗಗಳನ್ನು ಸೊಂಟ ಬಗ್ಗಿಸಿ ಎತ್ತದೆ ಮೊಣಕಾಲು ಮಡಚಿ ಎತ್ತಿ. ಎಲ್ಲ ಬೋಲ್ಟುಗಳನ್ನು ಮೊದಲು ಅರ್ಧ ತಿರುಗಿಸಿ, ಮಂಚ ನೆಟ್ಟಗೆ ನಿಂತ ಮೇಲೆ ಪೂರ್ತಿ ಬಿಗಿಯಿರಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಬಿಗಿಯಿರಿ. ಕಿರುಗುಟ್ಟುವ ಮಂಚ ಸಡಿಲವಾಗಿದೆಯೆಂದೇ ಅರ್ಥ. ಅಂಚು ಹಿಡಿದು ಏಳುವ ಹಿರಿಯರು ಅದನ್ನು ನಂಬುವಂತಿಲ್ಲ.

ಈಗಾಗಲೇ ಎತ್ತರದ ಮಂಚವಿದ್ದರೆ ಎಸೆಯಬೇಕಿಲ್ಲ. ಹಾಸಿಗೆಯನ್ನು ತೆಳುವಾದದ್ದಕ್ಕೆ ಬದಲಿಸಿ, ಇಲ್ಲವೆ ಬಡಗಿಯಿಂದ ಕಾಲುಗಳನ್ನು ಕತ್ತರಿಸಿ. ಪಕ್ಕದಲ್ಲಿ ಸ್ಟೂಲು ಇಡಬೇಡಿ, ಕತ್ತಲಲ್ಲಿ ಅದೇ ಎಡವಿಸುತ್ತದೆ. ತಗ್ಗಾದ ಮಂಚಕ್ಕೆ ಇಟ್ಟಿಗೆಯ ಬದಲು, ಕಾಲು ಕೂರುವಂತೆ ಗುಳಿ ಕೊರೆದ ಮರದ ದಿಮ್ಮಿ ಕೊಡಿ. ಹಿರಿಯರು ಎದ್ದ ಕೂಡಲೇ ನಿಲ್ಲದೆ ಒಂದು ನಿಮಿಷ ಅಂಚಿನಲ್ಲಿ ಕುಳಿತಿರಲಿ. ಕೈಗೆಟುಕುವಲ್ಲಿ ದೀಪದ ಸ್ವಿಚ್ಚಿರಲಿ.

ಅಂಗಡಿಗೆ ಹೋಗುವಾಗ ಮನೆಯ ಹಿರಿಯರನ್ನೂ ಕರೆದೊಯ್ದು, ಹಾಸಿಗೆ ಹಾಕಿಸಿ, ಅದರ ಮೇಲೆ ಕುಳ್ಳಿರಿಸಿ ಎಬ್ಬಿಸಿ ನೋಡಿ. ಅವರು ಬರಲಾಗದಿದ್ದರೆ ಹಿಮ್ಮಡಿಯಿಂದ ಮೊಣಕಾಲಿನ ಹಿಂಭಾಗದವರೆಗೆ ದಾರದಲ್ಲಿ ಅಳೆದು ಜೇಬಿನಲ್ಲಿಟ್ಟುಕೊಳ್ಳಿ. ಆ ದಾರಕ್ಕೆ ಒಪ್ಪುವ ಮಂಚಗಳಲ್ಲಿ ನಿಮಗೆ ಚೆಂದ ಕಂಡದ್ದನ್ನು ಆರಿಸಿ.