ನಾಲ್ವರು ಹುಟ್ಟು ಹಾಕಿದರೆ ದೋಣಿ ನಾಲ್ಕು ಪಟ್ಟು ಓಡುವುದೆ?

2024ನೆಯ ಇಸವಿ ಆಗಸ್ಟ್ ತಿಂಗಳ 8, 9 ಮತ್ತು 10ನೆಯ ದಿನಾಂಕಗಳಂದು, ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳ ದೋಣಿಪಂದ್ಯಗಳಲ್ಲಿ, ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕ ಒಂದು ಸಂಗತಿ ನಡೆಯಿತು. ನ್ಯೂಜಿಲೆಂಡಿನ ಲೀಸಾ ಕ್ಯಾರಿಂಗ್ಟನ್ ಎಂಬ ಮಹಿಳೆ ಮೂರು ದಿನಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದರು. ಮೊದಲನೆಯ ದಿನ ಅವರು ಕುಳಿತದ್ದು ನಾಲ್ವರ ದೋಣಿಯಲ್ಲಿ. ಎರಡನೆಯ ದಿನ ಇಬ್ಬರ ದೋಣಿಯಲ್ಲಿ. ಮೂರನೆಯ ದಿನ ಒಬ್ಬರೇ. ದೂರ ಮೂರು ದಿನವೂ 500 ಮೀಟರು. ನೀರೂ ಅದೇ, ಪ್ಯಾರಿಸಿನ ಪೂರ್ವಕ್ಕಿರುವ ವೇರ್-ಸುರ್-ಮಾರ್ನ್ ಎಂಬಲ್ಲಿನ ಜಲಕ್ರೀಡಾಂಗಣದ್ದು. ಪ್ರಯೋಗಶಾಲೆಯಲ್ಲಿ ನಾವು ಬಯಸುವುದು ಇಂಥ ಸನ್ನಿವೇಶವನ್ನೇ: ಉಳಿದುದೆಲ್ಲವೂ ಇದ್ದಂತೆಯೇ ಇದ್ದು ಒಂದು ಅಂಶ ಮಾತ್ರ ಬದಲಾಗಬೇಕು.

ಫಲಿತಾಂಶಗಳು ಹೀಗಿದ್ದುವು. ಒಬ್ಬರೇ ಹುಟ್ಟು ಹಾಕಿದಾಗ ಹಿಡಿದ ಕಾಲ 1 ನಿಮಿಷ 47.36 ಸೆಕೆಂಡು. ಅಲೀಷಿಯಾ ಹೊಸ್ಕಿನ್ ಜೊತೆಗೂಡಿದಾಗ 1 ನಿಮಿಷ 37.28 ಸೆಕೆಂಡು. ಹೊಸ್ಕಿನ್, ಒಲಿವಿಯಾ ಬ್ರೆಟ್ ಮತ್ತು ತಾರಾ ವಾನ್ ಈ ಮೂವರೂ ಇದ್ದಾಗ 1 ನಿಮಿಷ 32.20 ಸೆಕೆಂಡು. ಹುಟ್ಟು ಹಾಕುವ ತೋಳುಗಳು ನಾಲ್ಕು ಪಟ್ಟಾದುವು. ಆದರೆ ದೋಣಿಯ ವೇಗ ಸೆಕೆಂಡಿಗೆ 4.66 ಮೀಟರಿನಿಂದ 5.42 ಮೀಟರಿಗೆ ಏರಿತು, ಅಷ್ಟೆ. ಎಂದರೆ ನೂರಕ್ಕೆ ಹದಿನಾರರಷ್ಟು ಹೆಚ್ಚಳ. ಉಳಿದ ಶ್ರಮವೆಲ್ಲ ಎಲ್ಲಿಗೆ ಹೋಯಿತು?

ನಾಲ್ವರು ಕುಳಿತರೆ ದೋಣಿಯ ಭಾರವೂ ನಾಲ್ಕು ಪಟ್ಟಾಗುವುದಷ್ಟೆ ಎಂದು ಜಾಣ ವಿದ್ಯಾರ್ಥಿ ಕೂಡಲೆ ಹೇಳಿಯಾನು. ಆ ಉತ್ತರ ಸರಿಯಾಗಿದ್ದರೆ ವೇಗ ಕಿಂಚಿತ್ತೂ ಹೆಚ್ಚಬಾರದಾಗಿತ್ತು. ಹೆಚ್ಚಿದೆ. ಆದುದರಿಂದ ಸ್ವಲ್ಪ ಆಳಕ್ಕೆ ಇಳಿಯಬೇಕು.

ಈ ಪಂದ್ಯದ ದೋಣಿಗೆ ಕಯಾಕ್ ಎಂದು ಹೆಸರು. ಉತ್ತರಧ್ರುವ ಪ್ರದೇಶದ ಇನ್ಯೂಟ್ ಜನರು ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಮಾಡುತ್ತಿದ್ದ ಬೇಟೆಯ ದೋಣಿಯ ವಂಶಕ್ಕೆ ಸೇರಿದುದು. ಕುಳಿತವರು ಮುಂದಕ್ಕೆ ಮುಖ ಮಾಡಿ, ಎರಡು ತುದಿಗಳಲ್ಲೂ ಅಲಗುಳ್ಳ ಹುಟ್ಟಿನಿಂದ ಎಡಬಲಗಳಲ್ಲಿ ನೀರನ್ನು ಎಳೆಯುವರು. ನಿಯಮದ ಪ್ರಕಾರ ಒಬ್ಬರ ದೋಣಿಯ ಉದ್ದ 5.2 ಮೀಟರನ್ನು ಮೀರಬಾರದು. ತೂಕ 12 ಕಿಲೋಗ್ರಾಮಿಗೆ ಕಡಿಮೆಯಿರಬಾರದು. ಇಬ್ಬರದಕ್ಕೆ ಇವು 6.5 ಮೀಟರು ಮತ್ತು 18 ಕಿಲೋಗ್ರಾಂ. ನಾಲ್ವರದಕ್ಕೆ 11 ಮೀಟರು ಮತ್ತು 30 ಕಿಲೋಗ್ರಾಂ. ದೋಣಿ ಇಷ್ಟು ಹಗುರವಾದುದರಿಂದ ನೀರಿನ ಮೇಲೆ ಬೀಳುವ ಭಾರದಲ್ಲಿ ಬಹುಪಾಲು ಕುಳಿತವರದೇ.

ನೀರು ದೋಣಿಯನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ತಡೆಯುವುದು. ಒಂದು, ಒಡಲಿನ ಮೈಗೆ ತಾಗಿ ಹರಿಯುವ ನೀರಿನ ಘರ್ಷಣೆ. ಇನ್ನೊಂದು, ದೋಣಿ ಎಬ್ಬಿಸುವ ಅಲೆ; ಅಲೆಯನ್ನು ಎಬ್ಬಿಸಲು ಶಕ್ತಿ ವ್ಯಯವಾಗುವುದು. ಆಳದ ನೀರಿನಲ್ಲಿ ದೋಣಿಯೊಡನೆ ಸಾಗುವ ಅಲೆಯ ಉದ್ದ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅದು 5.2 ಮೀಟರು, ಎಂದರೆ ಒಬ್ಬರ ದೋಣಿಯಷ್ಟೇ ಉದ್ದ, ಆಗುವುದು ವೇಗ ಸೆಕೆಂಡಿಗೆ 2.85 ಮೀಟರು ಇದ್ದಾಗ. ಅಗಲವಾದ ಸಾಮಾನ್ಯ ದೋಣಿಗೆ ಇದೊಂದು ಗಡಿಯಿದ್ದಂತೆ. ಅದನ್ನು ದಾಟಲೆಳಸಿದರೆ ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ಹತ್ತುತ್ತಿರಬೇಕಾಗುವುದು. ಕ್ಯಾರಿಂಗ್ಟನ್ ಅವರ ವೇಗದಲ್ಲಿ ಅಲೆಯ ಉದ್ದ ಸುಮಾರು 14 ಮೀಟರು! ಆದರೂ ಕಯಾಕ್ ಗಡಿಯನ್ನು ದಾಟಿ ಓಡುವುದು ಅದರ ಒಡಲು ಚಾಕುವಿನಂತೆ ಕೃಶವಾಗಿರುವುದರಿಂದ. ಅದು ಎಬ್ಬಿಸುವ ಅಲೆ ಸಣ್ಣದು. ಹೀಗಾಗಿ ಮೈಯ ಘರ್ಷಣೆಯೇ ದೊಡ್ಡ ಶತ್ರುವಾಗಿ ಉಳಿಯುತ್ತದೆ. ಅಲೆಯನ್ನು ಸದ್ಯಕ್ಕೆ ಬದಿಗಿರಿಸಿ ಲೆಕ್ಕ ಹಾಕೋಣ.

ಘರ್ಷಣೆಯ ಬಲ ನೀರಿಗೆ ತಾಗುವ ಮೈಯ ವಿಸ್ತೀರ್ಣವನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಆ ಬಲವನ್ನು ಎದುರಿಸುತ್ತ ಸಾಗಲು ಬೇಕಾದ ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಆದ್ದರಿಂದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರಬೇಕು. ಇದೆಷ್ಟು ಕಠೋರವಾದ ನಿಯಮವೆಂಬುದಕ್ಕೆ 10ನೆಯ ದಿನಾಂಕದ ಪಂದ್ಯವೇ ಸಾಕ್ಷಿ. ಎರಡನೆಯವರಾಗಿ ಬಂದ ಹಂಗೆರಿಯ ತಮಾರಾ ಚಿಪೆಶ್ ಹಿಂದುಳಿದದ್ದು 1.08 ಸೆಕೆಂಡು, ಸರಿಸುಮಾರು ನೂರಕ್ಕೆ ಒಂದು. ಅದನ್ನು ತುಂಬಿಕೊಳ್ಳಲು ಅವರು ನೂರಕ್ಕೆ ಮೂರರಷ್ಟು ಹೆಚ್ಚು ಸಾಮರ್ಥ್ಯವನ್ನು ಹೊರಗೆಡಹಬೇಕಾಗಿತ್ತು. ಉಸಿರು ಕಟ್ಟುತ್ತಿರುವಾಗ ಆ ಮೂರು ಎಲ್ಲಿಂದ ಬರಬೇಕು!

ಈಗ ಮೈಯ ವಿಸ್ತೀರ್ಣದ ಮಾತು. ಘನಾಕಾರದ ಎಂಟು ಬೆಲ್ಲದ ಅಚ್ಚುಗಳನ್ನು ಬಿಡಿಬಿಡಿಯಾಗಿಟ್ಟರೆ ಗಾಳಿಗೆ ಒಡ್ಡಿದ ಮುಖಗಳು ನಲವತ್ತೆಂಟು. ಅವನ್ನೇ ಒಂದು ದೊಡ್ಡ ಘನವಾಗಿ ಜೋಡಿಸಿದರೆ ಹೊರಗೆ ಕಾಣುವ ಮುಖಗಳು ಇಪ್ಪತ್ತನಾಲ್ಕೇ. ಗಾತ್ರ ಎಂಟು ಪಟ್ಟಾದಾಗ ಮೈ ನಾಲ್ಕು ಪಟ್ಟು ಮಾತ್ರ ಆಗುವುದು. ದೋಣಿಗೂ ಇದೇ ನ್ಯಾಯ. ನಾಲ್ವರು ಕುಳಿತಾಗ ಅದು ತಳ್ಳುವ ನೀರಿನ ಗಾತ್ರ ನಾಲ್ಕು ಪಟ್ಟು. ಆಕಾರ ಬದಲಾಗದಿದ್ದರೆ ಒದ್ದೆಯಾಗುವ ಮೈ 2.52 ಪಟ್ಟು. ಸಾಮರ್ಥ್ಯ ನಾಲ್ಕು ಪಟ್ಟು. ನಾಲ್ಕನ್ನು 2.52ರಿಂದ ಭಾಗಿಸಿದರೆ 1.587, ಇದು ವೇಗದ ಘನವಾದುದರಿಂದ ಘನಮೂಲವನ್ನು ತೆಗೆದರೆ 1.166. ಅದೇ ನೂರಕ್ಕೆ ಹದಿನಾರೂ ಚಿಲ್ಲರೆ!

ಬೀಜಗಣಿತದ ಭಾಷೆಯಲ್ಲಿ ಹೇಳುವುದಾದರೆ, ವೇಗವು ಕುಳಿತವರ ಸಂಖ್ಯೆಯ ಒಂಬತ್ತನೆಯ ಮೂಲಕ್ಕೆ ಅನುಗುಣವಾದುದು. ಅಮೆರಿಕದ ವಿಜ್ಞಾನಿ ಥಾಮಸ್ ಮೆಕ್‌ಮಹಾನ್ 1971ರಲ್ಲಿ, ಬೆನ್ನು ಮುಂದಾಗಿ ಕುಳಿತು ಹುಟ್ಟು ಹಾಕುವ ಬೇರೊಂದು ಬಗೆಯ ಪಂದ್ಯದ ದೋಣಿಗಳ ವಿಷಯದಲ್ಲಿ ಈ ಸಂಬಂಧವನ್ನು ತೋರಿಸಿಕೊಟ್ಟರು.

ಆದರೆ ಇಲ್ಲಿಗೇ ಸಂತೋಷಪಟ್ಟು ನಿಲ್ಲುವುದು ವಿಜ್ಞಾನಕ್ಕೆ ಸಲ್ಲದು. ಇಬ್ಬರ ದೋಣಿ ಏನು ಹೇಳುತ್ತದೆ? ಲೆಕ್ಕದ ಪ್ರಕಾರ ಅದರ ವೇಗ ನೂರಕ್ಕೆ ಎಂಟರಷ್ಟು ಹೆಚ್ಚಿ, ಕಾಲ 99.4 ಸೆಕೆಂಡು ಆಗಬೇಕಾಗಿತ್ತು. ಆದುದು 97.28. ನಮ್ಮ ಸೂತ್ರವನ್ನು ಆ ಇಬ್ಬರು ಎರಡು ಸೆಕೆಂಡುಗಳಷ್ಟು ಹಿಂದೆ ಹಾಕಿಬಿಟ್ಟರು! ಮೂರು ದಿನಗಳಲ್ಲಿ ಗಾಳಿ ಒಂದೇ ಸಮನಾಗಿ ಬೀಸುವುದಿಲ್ಲ. ನೂರು ಸೆಕೆಂಡುಗಳ ಪಂದ್ಯದಲ್ಲಿ ಮಂದವಾದ ಗಾಳಿಯೂ ಎರಡು ಸೆಕೆಂಡುಗಳನ್ನು ಕೊಡಬಲ್ಲುದು, ಕಸಿದುಕೊಳ್ಳಲೂಬಲ್ಲುದು. ಜೊತೆಗಾರರೆಲ್ಲರ ಬಲ ಸಮವೆಂದು ನಾವು ಭಾವಿಸಿದ್ದೂ ಅನುಕೂಲಕ್ಕಾಗಿ. ಅಲ್ಲದೆ ಆಕಾರ ಬದಲಾಗದಿದ್ದರೆ ನಾಲ್ವರ ದೋಣಿ 8.25 ಮೀಟರು ಉದ್ದವಿರಬೇಕಾಗಿತ್ತು. ಇರುವುದು 11 ಮೀಟರು. ಹೆಚ್ಚಿದ ಉದ್ದದಿಂದ ಒದ್ದೆಯಾಗುವ ಮೈ ಬೆಳೆದು ನಷ್ಟವಾಗುತ್ತದೆ; ಅಲೆ ತಗ್ಗಿ ಲಾಭವಾಗುತ್ತದೆ. ನಾಲ್ವರ ದೋಣಿಯಲ್ಲಿ ಲೆಕ್ಕ ಅಷ್ಟು ಚೆನ್ನಾಗಿ ಕೂಡಿಬಂದುದರಲ್ಲಿ ಅದೃಷ್ಟದ ಪಾಲೂ ಉಂಟೆಂದು ಒಪ್ಪಬೇಕು.

ಇದೇ ಸೂತ್ರದಿಂದ ಇನ್ನೊಂದು ಸ್ವಾರಸ್ಯವಾದ ಲೆಕ್ಕ ಮಾಡಬಹುದು. ಒಲಿಂಪಿಕ್ ಕಯಾಕ್ ಪಂದ್ಯದಲ್ಲಿ ಮಹಿಳೆಯರಿಗೆ ಮೊದಲು ಅವಕಾಶ ದೊರೆತದ್ದು 1948ರಲ್ಲಿ, ಲಂಡನ್ನಿನ ಕ್ರೀಡೆಗಳಲ್ಲಿ. ಅಂದು ಒಬ್ಬರ ದೋಣಿಯ 500 ಮೀಟರು ಪಂದ್ಯವನ್ನು ಗೆದ್ದ ಡೆನ್ಮಾರ್ಕಿನ ಕರೆನ್ ಹೋಫ್ ತೆಗೆದುಕೊಂಡ ಕಾಲ 2 ನಿಮಿಷ 31.9 ಸೆಕೆಂಡು. 2024ರ ವೇಗ ಅದಕ್ಕಿಂತ ನೂರಕ್ಕೆ ನಲವತ್ತೊಂದರಷ್ಟು ಹೆಚ್ಚು. ಜನರನ್ನು ಸೇರಿಸಿಯೇ ಇಷ್ಟು ವೇಗವನ್ನು ಗಳಿಸಬೇಕಾದರೆ 1948ರ ದೋಣಿಯನ್ನು ಹಿಗ್ಗಿಸಿ ಇಪ್ಪತ್ತಮೂರು ಮಂದಿಯನ್ನು ಕೂರಿಸಬೇಕಾಗಿತ್ತು! ದೋಣಿ ಹಿಂದಿನದೇ ಆಗಿದ್ದರೆ ಒಬ್ಬರ ಸಾಮರ್ಥ್ಯ 2.8 ಪಟ್ಟಾಗಬೇಕಾಗಿತ್ತು. ಶಿಕ್ಷಣಕ್ರಮ ಎಷ್ಟೇ ಸುಧಾರಿಸಿದರೂ 76 ವರ್ಷಗಳಲ್ಲಿ ಮನುಷ್ಯರ ತೋಳುಗಳು ಅಷ್ಟು ಬಲಿತುವೆಂದು ನಾವು ನಂಬಲಾರೆವು. ಬದಲಾದುದರಲ್ಲಿ ದೊಡ್ಡ ಪಾಲು ದೋಣಿಯದು ಮತ್ತು ಹುಟ್ಟಿನದು. ಒಬ್ಬರ ದೋಣಿ ಕನಿಷ್ಠ 51 ಸೆಂಟಿಮೀಟರು ಅಗಲವಿರಬೇಕೆಂಬ ನಿಯಮವೊಂದು ಹಿಂದೆ ಇದ್ದಿತು. ಆ ಅಗಲವನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟು, ನೀರೊಳಗಿನ ಭಾಗವನ್ನು ತೆಳ್ಳಗೆ ಮಾಡಿ, ದೋಣಿ ಕಟ್ಟುವವರು ನಿಯಮದ ಅಕ್ಷರವನ್ನಷ್ಟೇ ಪಾಲಿಸುತ್ತಿದ್ದರು. 2000ದ ಸಿಡ್ನಿ ಕ್ರೀಡೆಗಳ ತರುವಾಯ ನಿಯಮವನ್ನೇ ತೆಗೆದುಹಾಕಲಾಯಿತು. ಹುಟ್ಟಿನ ಕಥೆ ಇನ್ನೂ ಸೊಗಸು. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ವಿಮಾನದ ರೆಕ್ಕೆಯಂತೆ ಬಾಗಿದ ಅಲಗುಳ್ಳ ಹುಟ್ಟು ರೂಪುಗೊಂಡಿತು. ಅದನ್ನು ನೇರವಾಗಿ ಹಿಂದಕ್ಕೆ ಎಳೆಯುವುದಿಲ್ಲ. ದೋಣಿಯಿಂದ ಹೊರಮುಖವಾಗಿ, ಓರೆಯಾಗಿ ಜಾರಲು ಬಿಡುವರು. ಆಗ ರೆಕ್ಕೆಯನ್ನು ಗಾಳಿ ಮೇಲಕ್ಕೆತ್ತುವಂತೆ ನೀರು ಅಲಗನ್ನು ಮುಂದಕ್ಕೆ ದೂಡುತ್ತದೆ. ನೀರು ಹಿಂದಕ್ಕೆ ಕೊಚ್ಚಿಹೋಗಿ ವ್ಯರ್ಥವಾಗುವ ಶಕ್ತಿ ಕಡಿಮೆಯಾಗುತ್ತದೆ. ಕೆಲವೇ ವರ್ಷಗಳಲ್ಲಿ ಪಂದ್ಯದ ಕಯಾಕುಗಳಿಂದ ಚಪ್ಪಟೆಯಾದ ಹಳೆಯ ಹುಟ್ಟು ಕಣ್ಮರೆಯಾಯಿತು.